ನೀರುಗಂಟಿಯ ಕೊಡವೂ ತುಂಬುವ ಊರು

ಲಕ್ಕೂರಿನ, ಮಾಸ್ತಿಯ, ಟೇಕಲ್ಲಿನ ಹುಡುಗ ಹುಡುಗಿಯರೇ, ಒಂದು ಸಂಜೆ ಕೆರೆ ಏರಿಯ ಮೇಲೆ ಕೂತು ಯೋಚಿಸಿ ನೋಡಿ. ನಿಮ್ಮ ಕನಸಿನ ಊರು ಹೇಗಿದೆ? ಅಲ್ಲಿ ಯಾರ ಕೊಡ ಮೊದಲು ತುಂಬುತ್ತದೆ? ಯಾರು ಯಾರ ಮನೆಯ ಹೊಸಿಲು ದಾಟುತ್ತಾರೆ? ಅದೆಲ್ಲ ಆಗದ ಹೋಗದ ಮಾತು ಬಿಡ್ರಪ್ಪಾ ಎಂದು ದೊಡ್ಡವರು ಎದ್ದು ಹೋಗಬಹುದು. ನೀವು ಏಳಬೇಡಿ.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಕೋಲಾರ ಸೀಮೆಯಲ್ಲಿ, ಬಿದ್ದ ಮಳೆಯನ್ನು ಹಿಡಿದು ನಿಲ್ಲಿಸಿ, ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ, ಅದು ತುಂಬಿದರೆ ಅದರಾಚೆಯ ಕೆರೆಗೆ ನೀರು ಇಳಿಯುವಂತೆ, ಮಣ್ಣು ಹೊತ್ತು ಕಲ್ಲು ಜೋಡಿಸಿ ಸಾವಿರಾರು ಕೆರೆಗಳನ್ನು ಸರಪಳಿಯಂತೆ ಹೆಣೆದವರು ನಮ್ಮ ಹಿರೀಕರು. ತೂಬು ಎತ್ತಲು ನೀರುಗಂಟಿ ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಹಂಚಿಕೊಂಡು ಬಾಳುವ ವಿದ್ಯೆ ನಮಗೆ ಹೊಸದಲ್ಲ.

ಆದರೆ ಆ ನೀರುಗಂಟಿ ಬಹುಪಾಲು ಊರುಗಳಲ್ಲಿ ದಲಿತ. ಊರಿಗೆಲ್ಲ ನೀರು ಹಂಚಿದ ಕೈ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ನಮ್ಮ ಕನಸಿನ ಕಟ್ಟೆ ಒಡೆದದ್ದು ಅಲ್ಲೇ.

ಅದು ಅಜ್ಜನ ಕಾಲದ ಮಾತು ಎನ್ನುತ್ತೀರಾ? 2022ರ ಸೆಪ್ಟೆಂಬರಿನಲ್ಲಿ, ನಮ್ಮದೇ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ಉತ್ಸವದ ದೇವರ ಕೋಲು ಮುಟ್ಟಿದನೆಂದು ಹೈಸ್ಕೂಲು ವಯಸ್ಸಿನ ದಲಿತ ಹುಡುಗನ ಮನೆಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ಆ ಮನೆಯವರು ದೇವರ ಪಟಗಳನ್ನು ಇಳಿಸಿ ಅಂಬೇಡ್ಕರರ ಪಟ ಇಟ್ಟರು. ಆ ಹುಡುಗನ ತಾಲ್ಲೂಕಿನವರೇ ನೀವೂ. ಅವನ ಪಕ್ಕ ಕೂರಲು ನಮ್ಮಲ್ಲಿ ಎಷ್ಟು ಜನ ಹೋದೆವು?

ಹಾಗಾದರೆ ಆ ಕನಸಿನ ಊರು ಎಂದೂ ಇರಲೇ ಇಲ್ಲವೇ? ಲಕ್ಕೂರು ಎಂದಾಗಲೆಲ್ಲ ನನಗೆ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಊರಿಗೂ ಆಕೆಗೂ ನಂಟಿದೆಯೆಂದಲ್ಲ, ಹೆಸರಿನ ಸದ್ದು ಅಷ್ಟೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಬಡ ದಂಪತಿ ಆಕೆ ಮತ್ತು ಗಂಡ ಮಾರಯ್ಯ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಈ ಆಸೆ ನಮಗೇಕೆ, ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳಂತೆ. ಒಪ್ಪೊತ್ತಿನ ಕೂಳಿಗೆ ಕಷ್ಟವಿದ್ದವಳು ಸಾಕು ಎಂದಳು! ಅಂಥ ಹೆಂಗಸು, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ ಎಲ್ಲರೂ ಶರಣರ ಸಭೆಯಾದ ಅನುಭವ ಮಂಟಪದಲ್ಲಿ ಸರಿಸಮ ಕೂತು ಮಾತಾಡಿದರು.

ಕಲ್ಯಾಣ ಮುರಿದುಬಿತ್ತಲ್ಲ ಎನ್ನುವವರಿದ್ದಾರೆ. ನಿಜ. ಬ್ರಾಹ್ಮಣ ಮಧುವರಸನ ಮಗಳನ್ನು ಚಮ್ಮಾರ ಹರಳಯ್ಯನ ಮಗನಿಗೆ ಕೊಟ್ಟ ತಪ್ಪಿಗೆ ಬೀಗರಿಬ್ಬರೂ ಪ್ರಾಣ ತೆತ್ತರು. ಆದರೆ ಕೇಳಿ: ಆ ಸಮಾಜ ಬರಿಯ ಕನಸಾಗಿದ್ದರೆ ಅದನ್ನು ಕೊಲ್ಲಲು ದೊರೆ ಬಿಜ್ಜಳನಿಗೆ ಆನೆ ಕುದುರೆ ಸೈನ್ಯ ಏಕೆ ಬೇಕಾಗಿತ್ತು? ಕಂಡದ್ದನ್ನೇ ಕೊಂದರು. ಇದ್ದದ್ದಕ್ಕೇ ಹೆದರಿದರು. ಒಮ್ಮೆ ಆದದ್ದು ಇನ್ನೊಮ್ಮೆ ಆಗುತ್ತದೆ.

ಆಗಿಸುವವರು ಯಾರು? ನೀವು. ಬೆಳಗಿನ ರೈಲಿಗೆ ಬೆಂಗಳೂರಿಗೆ ಓಡುವ ನೀವು, ನರಸಾಪುರದ ಕಾರ್ಖಾನೆಯ ಬಸ್ಸಿಗೆ ಕಾಯುವ ನೀವು, ಟೊಮೆಟೊ ಬುಟ್ಟಿ ಹೊತ್ತು ಬೆಲೆ ಕುಸಿದ ದಿನವೂ ಮರುದಿನ ಹೊಲಕ್ಕೆ ನಡೆಯುವ ನೀವು. ನಿಮ್ಮ ತೋಳಿನಲ್ಲಿ ಬಲವಿದೆ, ತಲೆಯಲ್ಲಿ ಅಕ್ಷರವಿದೆ, ಕೈಯಲ್ಲಿ ಮತವಿದೆ. ಲಕ್ಕಮ್ಮನಿಗೆ ಇವುಗಳಲ್ಲಿ ಎಷ್ಟು ಇತ್ತು?

ನಮ್ಮ ಪಾಲಿನ ಅನುಭವ ಮಂಟಪವೂ ಇದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕೆಂದು ಕಾನೂನು ಹೇಳುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ನಾಳೆಯೇ ಪಂಚಾಯಿತಿ ಕಚೇರಿಗೆ ಹೋಗಿ ಮುಂದಿನ ಸಭೆ ಯಾವತ್ತು ಎಂದು ಕೇಳಿ. ದಲಿತ ಕಾಲೋನಿಯ ಗೆಳೆಯನನ್ನು, ನಿಮ್ಮ ಅಕ್ಕತಂಗಿಯರನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿ. ಕೆರೆಯ ಹೂಳು, ರಾಜಕಾಲುವೆಯ ಒತ್ತುವರಿ, ಕಾಲೋನಿಯ ನಲ್ಲಿ: ಒಂದೊಂದನ್ನೂ ಎದ್ದು ನಿಂತು, ಗಟ್ಟಿ ದನಿಯಲ್ಲಿ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಬನ್ನಿ.