ಇರುವ ಸಿದ್ಧತೆ, ಹೊರಡುವ ಸಿದ್ಧತೆ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಮಳೆಗಾಲದ ಸಿದ್ಧತೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರು ಹಿಡಿಯುವ ಮೊದಲೇ ಸೌದೆ ಒಣಗಿ ಕೊಟ್ಟಿಗೆ ಸೇರಬೇಕು. ಎರಚಲು ಹೊಡೆಯುವ ಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟಬೇಕು. ಉಪ್ಪು, ಬೆಲ್ಲ, ಸೀಮೆಎಣ್ಣೆ, ಬೆಂಕಿಪೊಟ್ಟಣ ಮನೆಗೆ ಬಂದಿರಬೇಕು. ಹಪ್ಪಳ ಸಂಡಿಗೆಗಳು ಡಬ್ಬ ಸೇರಿರಬೇಕು. ಆಮೇಲೆ ಆಕಾಶವೇ ಕಳಚಿಬಿದ್ದರೂ ನಾವು ಒಲೆಯ ಮುಂದೆ ಬೆಚ್ಚಗೆ ಕುಳಿತಿರುತ್ತಿದ್ದೆವು. ಈ ಅನುಭವದ ಬಲದ ಮೇಲೆ, 2022ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿರುವ ಮಗಳ ಮನೆಗೆ ಹೋದಾಗ, ಅಲ್ಲಿಯ ಚಂಡಮಾರುತದ ಋತುವಿನ ಮಾತು ಕೇಳಿ ನನಗೆ ಕೊಂಚ ನಗುವೇ ಬಂದಿತ್ತು.

ಆ ಋತುವಿಗೆ ಪಂಚಾಂಗದಷ್ಟೇ ಖಚಿತವಾದ ಗಡಿಗಳಿವೆ: ಜೂನ್ 1ರಿಂದ ನವೆಂಬರ್ 30ರವರೆಗೆ. ಸೆಪ್ಟೆಂಬರ್ ನಡುವಿನಲ್ಲಿ ಅದರ ಪರಾಕಾಷ್ಠೆ. ‘ಹರಿಕೇನ್’ ಎಂಬ ಮಾತೂ ಆ ಕಡಲಿನದೇ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೊ ಜನರ ನುಡಿಯಿಂದ ಸ್ಪ್ಯಾನಿಷ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದದ್ದು. ಭಾಷೆಯ ಮೇಷ್ಟರ ಈ ವಿಷಯಾಂತರವನ್ನು ಕೇಳುಗರು ಕ್ಷಮಿಸಬೇಕು.

ಜೂನ್ ಮೊದಲ ವಾರದಲ್ಲೇ ಮಗಳೂ ಅಳಿಯನೂ ಕೆಲಸಕ್ಕೆ ತೊಡಗಿದರು. ಪ್ರತಿಯೊಂದು ಕಿಟಕಿಗೂ ಅಳತೆಗೆ ಕೊಯ್ದ ಪ್ಲೈವುಡ್ ಹಲಗೆಯಿತ್ತು. ಹಲಗೆಯ ಬೆನ್ನಿಗೆ ಕಿಟಕಿಯ ಸಂಖ್ಯೆ. ಗಾಜು ಒಡೆದರೆ ಕೋಣೆ ನೆನೆಯುತ್ತದೆ, ಅಷ್ಟೇ ತಾನೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಒಡೆದ ಕಿಟಕಿಯಿಂದ ನುಗ್ಗಿದ ಗಾಳಿ ಒಳಗಿನಿಂದ ಒತ್ತಿ ಮಾಡನ್ನೇ ಎತ್ತಿ ಒಗೆಯಬಲ್ಲದು. ಕುಡಿಯುವ ನೀರು ತಲೆಗೆ ದಿನಕ್ಕೊಂದು ಗ್ಯಾಲನ್. ನಾವು ನಾಲ್ವರಿಗೆ ಏಳು ದಿನಕ್ಕೆಂದರೆ 28 ಗ್ಯಾಲನ್, ನೂರು ಲೀಟರಿಗೂ ಮೇಲೆ. ವಿದ್ಯುತ್ ಹೋದಾಗ ನಡೆಸುವ ಜನರೇಟರನ್ನು ಮನೆಯಿಂದ ಇಪ್ಪತ್ತು ಅಡಿ ದೂರದಲ್ಲಿಯೇ ಇಡಬೇಕು. ಗಾಳಿಗೆ ಬದುಕಿ ಉಳಿದವರು ಆಮೇಲೆ ಅದರ ವಾಸನೆಯಿಲ್ಲದ ವಿಷಾನಿಲಕ್ಕೆ ಬಲಿಯಾದದ್ದುಂಟು. ಸಾಮಾನ್ಯ ಮನೆವಿಮೆ ನೆರೆಯ ನಷ್ಟವನ್ನು ತುಂಬಿಕೊಡುವುದಿಲ್ಲ. ನೆರೆಯ ವಿಮೆ ಬೇರೆ, ಅದು ಸಾಧಾರಣವಾಗಿ ಜಾರಿಗೆ ಬರುವುದು ಮೂವತ್ತು ದಿನಗಳ ನಂತರ. ಮೋಡ ಕಂಡ ಮೇಲೆ ಕೊಡೆ ಮಾರುವವರು ಅಲ್ಲಿಲ್ಲ.

ಇಷ್ಟೆಲ್ಲ ನನಗೆ ಅರ್ಥವಾಯಿತು, ಏಕೆಂದರೆ ಇದು ನಮ್ಮ ಸೌದೆ, ತಟ್ಟಿಗಳ ಜಾತಿಯದೇ. ಇರುವುದಕ್ಕೆ ಮಾಡುವ ಸಿದ್ಧತೆ. ಆದರೆ ಮಗಳು ನೀರು ಹೋಗದ ಒಂದು ಪೆಟ್ಟಿಗೆ ತಂದು, ಮನೆಪತ್ರ, ಪಾಸ್‌ಪೋರ್ಟು, ವಿಮೆಯ ಕಾಗದಗಳನ್ನು ಅದರೊಳಗಿಟ್ಟು, “ಅಪ್ಪ, ನಿಮ್ಮದೇನಾದರೂ ಇದ್ದರೆ ಇದರಲ್ಲಿ ಹಾಕಿ” ಎಂದಾಗ, “ನನ್ನದೇನಿದೆ? ಮನೆ ಗಟ್ಟಿಯಾಗಿದೆಯಲ್ಲ” ಎಂದುಬಿಟ್ಟೆ.

ಮನೆಯಿದ್ದದ್ದು ಕೊಲ್ಲಿಯ ಅಂಚಿನಲ್ಲಿ. ಕಡಲುಬ್ಬರಕ್ಕೆ ಯಾವ ಬೀದಿ ಮೊದಲು ಮುಳುಗುತ್ತದೆಂಬ ಲೆಕ್ಕದ ಮೇಲೆ ಅಲ್ಲಿ ಊರನ್ನು ಅಕ್ಷರಗಳಿಂದ ವಲಯಗಳಾಗಿ ವಿಂಗಡಿಸಿದ್ದಾರೆ, ನಮ್ಮದು ‘ಎ’. ಸೆಪ್ಟೆಂಬರ್ 26ರಂದು, ಇಯಾನ್ ಎಂಬ ಚಂಡಮಾರುತ ಟ್ಯಾಂಪಾದ ಕಡೆಗೇ ಬರುವಂತಿದ್ದಾಗ, ಆ ವಲಯದವರೆಲ್ಲ ಹೊರಡಬೇಕೆಂದು ಆಜ್ಞೆಯಾಯಿತು. ನಾನು ಹೊರಡುವುದಿಲ್ಲವೆಂದೆ. “ಅಪ್ಪ, ಗಾಳಿಗೆ ಅಡಗಬಹುದು, ನೀರಿಗೆ ಓಡಲೇಬೇಕು. ಇಲ್ಲಿಯವರ ಮಾತು ಇದು” ಎಂದಳು. ಕೊನೆಗೆ ಒಪ್ಪಿದೆ. ಆಗಲೇ ನೆನಪಾದದ್ದು, ಇಪ್ಪತ್ತು ವರ್ಷಗಳಿಂದ ಬರೆದಿಟ್ಟ ಮಲೆನಾಡಿನ ಮನೆಮಾತುಗಳ ಚೀಟಿಗಳು! ಮೇಜಿನ ಮೇಲೆ, ಪುಸ್ತಕಗಳ ನಡುವೆ, ದಿಂಬಿನ ಕೆಳಗೆ. ಅವನ್ನು ಆಯುವುದರಲ್ಲಿ ಒಂದು ಗಂಟೆ ಕಳೆಯಿತು. ಎಂಜಿನ್ ಚಾಲೂ ಮಾಡಿಕೊಂಡು ಕಾರಿನಲ್ಲಿ ಕುಳಿತಿದ್ದ ಅಳಿಯ ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಇಂದಿಗೂ ಚುಚ್ಚುತ್ತದೆ.

ಬಹುದೂರವೇನೂ ಹೋಗಲಿಲ್ಲ. ಇಪ್ಪತ್ತು ಮೈಲಿ ಒಳಗೆ, ಎತ್ತರದ ನೆಲದಲ್ಲಿದ್ದ ಕನ್ನಡಿಗ ಸ್ನೇಹಿತರ ಮನೆ. 28ರಂದು ಇಯಾನ್ ಟ್ಯಾಂಪಾದಿಂದ ದಕ್ಷಿಣಕ್ಕೆ, ಫೋರ್ಟ್ ಮಯರ್ಸ್ ಬಳಿ ನೆಲ ಮುಟ್ಟಿತು. ಟ್ಯಾಂಪಾ ಕೊಲ್ಲಿಯ ನೀರನ್ನು ಗಾಳಿ ಹೊರಕ್ಕೆ ಎಳೆದೊಯ್ದು, ದಡದ ಕೆಸರು ಬಯಲಾಯಿತು. ದಕ್ಷಿಣದಲ್ಲಿ ಅದೇ ಕಡಲು ಬೀದಿಗಳಿಗೆ ನುಗ್ಗಿ ಜನರನ್ನು ಕೊಂದಿತು. ನಮ್ಮ ಮನೆಗೆ ಒಂದು ಹನಿಯೂ ಬರಲಿಲ್ಲ. “ನೋಡಿದೆಯಾ?” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು; ಪುಣ್ಯಕ್ಕೆ ಆಡಲಿಲ್ಲ.

ಎರಡು ವರ್ಷಗಳ ಮೇಲೆ, 2024ರ ಸೆಪ್ಟೆಂಬರ್ 26ರಂದು, ಹೆಲೆನ್ ಎಂಬುದು ಟ್ಯಾಂಪಾದಿಂದ ನೂರು ಮೈಲಿಗೂ ಆಚೆ ಕಡಲಲ್ಲೇ ಹಾದುಹೋಯಿತು. ಹಾಗಿದ್ದೂ ಕೊಲ್ಲಿಯ ನೀರು ಹಿಂದಿನ ದಾಖಲೆಗಳನ್ನು ಮೀರಿ ಉಕ್ಕಿತು. ನಾನಾಗ ಊರಿನಲ್ಲಿದ್ದೆ. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ನೀರಿನ ಗೆರೆ ನಿಂತಿದೆಯೆಂದು ಮಗಳು ಫೋನಿನಲ್ಲಿ ಹೇಳಿದಳು. ಅವರೆಲ್ಲ ಹಿಂದಿನ ದಿನವೇ ಹೊರಟಿದ್ದರು. ನೆನೆದ ಹಾಸಿಗೆ, ಕುರ್ಚಿಗಳು ಇನ್ನೂ ಬೀದಿಬದಿಯಲ್ಲಿ ರಾಶಿ ಬಿದ್ದಿದ್ದಾಗಲೇ, ಹದಿಮೂರನೆಯ ದಿನಕ್ಕೆ ಮಿಲ್ಟನ್ ಬಂತು. ಅಳಿಯ ಅದೇ ಹಲಗೆಗಳನ್ನು ಅದೇ ಸಂಖ್ಯೆ ನೋಡಿ ಮತ್ತೆ ಏರಿಸಿದನಂತೆ. ವಿಮಾನದಲ್ಲಿ ತೂಕ ಹೆಚ್ಚಾಗುತ್ತದೆಂದು ನಾನು ಅಲ್ಲೇ ಬಿಟ್ಟುಬಂದಿದ್ದ ಚೀಟಿಗಳ ಪೆಟ್ಟಿಗೆಯನ್ನು ಮಗಳು ಎಲ್ಲಕ್ಕಿಂತ ಮೊದಲು ಕಾರಿನಲ್ಲಿಟ್ಟಳಂತೆ.