ಕೆಡುಕಿಗೆ ಕನ್ನಡದ ಹೆಸರುಗಳು: ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಶಾಸನ, ನುಡಿ ಮತ್ತು ಕಾನೂನು

ಇಂಗ್ಲಿಷಿನಲ್ಲಿ ಕೆಡುಕನ್ನು ಹೇಳುವ ಮುಖ್ಯ ಪದಗಳು ಮೂರು. ದೇವರ ಆಜ್ಞೆ ಮೀರಿದರೆ ‘ಸಿನ್’, ರಾಜ್ಯದ ಕಾನೂನು ಮೀರಿದರೆ ‘ಕ್ರೈಂ’, ಕೆಡುಕನ್ನೇ ಒಂದು ಶಕ್ತಿಯೆಂಬಂತೆ ಹೇಳಬೇಕಾದಾಗ ‘ಈವಿಲ್’. ನಿಘಂಟು ತೆರೆದರೆ ಇವಕ್ಕೆ ಪಾಪ, ಅಪರಾಧ, ಕೇಡು ಎಂಬ ಉತ್ತರ ಸಿಗುತ್ತದೆ. ಈ ಜೋಡಿಗಳು ಸುಳ್ಳಲ್ಲ, ಆದರೆ ಸಾಲವು. ಯಾರ ಆಜ್ಞೆ ಮೀರಿದ್ದಾಯಿತು ಎಂದು ಕೇಳುವ ಮೊದಲು ಕನ್ನಡ ಏನು ಹಾಳಾಯಿತು, ಯಾವ ನಂಬಿಕೆ ಮುರಿಯಿತು ಎಂದು ಕೇಳುತ್ತದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಇದಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಸಾಕ್ಷ್ಯವಿದೆ. ಗಂಗರ ರಾಜಧಾನಿಯಾಗಿದ್ದ ತಲಕಾಡು ಇರುವುದು ಇಲ್ಲಿಯೇ.

ಮೊದಲು ಅಚ್ಚಗನ್ನಡದ ಮಾತುಗಳು. ಕೇಡು, ಕೆಡುಕು, ಕೆಟ್ಟ, ಕೇಡಿಗ ಇವೆಲ್ಲ ‘ಕೆಡು’ ಎಂಬ ಒಂದೇ ಧಾತುವಿನಿಂದ ಬಂದವು. ಹಾಲು ಕೆಡುತ್ತದೆ, ಬೆಳೆ ಕೆಡುತ್ತದೆ, ಮಗ ಸಹವಾಸದಿಂದ ಕೆಡುತ್ತಾನೆ. ‘ಕೆಟ್ಟವನು’ ಎಂಬ ಮಾತಿನೊಳಗೆ ಅವನು ಮೊದಲು ಸರಿಯಾಗಿದ್ದ ಎಂಬ ಅರ್ಥವೂ ಅಡಗಿದೆ. ಕೆಡುಕು ಒಳ್ಳೆಯದರ ಎದುರು ನಿಂತ ಇನ್ನೊಂದು ಶಕ್ತಿಯಲ್ಲ, ಒಳ್ಳೆಯದೇ ಇಳಿದು ಸೇರಿದ ಸ್ಥಿತಿ. ‘ತಪ್ಪು’ ಕೂಡ ಮೊದಲಿಗೆ ಕ್ರಿಯಾಪದವೇ. ದಾರಿ ತಪ್ಪುತ್ತದೆ, ಗುರಿ ತಪ್ಪುತ್ತದೆ, ಕೊಟ್ಟ ಮಾತು ತಪ್ಪುತ್ತದೆ.

ಸಂಸ್ಕೃತದಿಂದ ಬಂದ ಮಾತುಗಳೂ ಒಳಗಿನ ಅರ್ಥದಲ್ಲಿ ಇವಕ್ಕೆ ಹತ್ತಿರದವು. ‘ದುಷ್ಟ’ ಮತ್ತು ‘ದೋಷ’ ಎರಡೂ ಕೆಡುವುದು ಎಂಬರ್ಥದ ಧಾತುವಿನಿಂದ ಹುಟ್ಟಿದವು. ‘ಪಾತಕ’ ಎಂದರೆ ಬೀಳಿಸುವಂಥದು. ‘ಅಪರಾಧ’ದ ಮೂಲದಲ್ಲಿ ಗುರಿ ತಪ್ಪುವ ಅರ್ಥವಿದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪಾಪಕ್ಕೆ ಬಳಸಿರುವ ‘ಹಮಾರ್ತಿಯಾ’ ಎಂಬ ಪದಕ್ಕೂ ಮೂಲದಲ್ಲಿ ಗುರಿ ತಪ್ಪುವುದೆಂದೇ ಅರ್ಥ. ಬಾಲ್ಟಿಕ್ ಸಮುದ್ರದ ದಡದ ಲಾಟ್ವಿಯನ್ ಭಾಷೆಯಲ್ಲಿ ನಿಯಮ ಮುರಿಯುವುದಕ್ಕೆ ‘ಪಾರ್ಕಾಪುಮ್ಸ್’ ಎನ್ನುತ್ತಾರೆ. ಅದರ ಮೂಲಾರ್ಥ ದಾಟಿ ಹೆಜ್ಜೆಯಿಡುವುದು. ಕನ್ನಡದ ಕಾನೂನು ಪತ್ರಗಳಲ್ಲಿ ದಿನವೂ ಬರುವ ‘ಅತಿಕ್ರಮ’ದ ಅರ್ಥವೂ ಅಷ್ಟೇ. ಒಂದಕ್ಕೊಂದು ದೂರದಲ್ಲಿ ಬೆಳೆದ ಭಾಷೆಗಳು ತಪ್ಪನ್ನು ಹೆಸರಿಸಲು ಬೀಳು, ದಾಟು, ಗುರಿ ತಪ್ಪು ಎಂಬ ಮೈಯ ಚಲನೆಗಳನ್ನೇ ಆಯ್ದುಕೊಂಡಿರುವುದು ಗಮನಿಸಬೇಕಾದ ಸಂಗತಿ.

ಈ ಮಾತುಗಳು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಲು ಶಾಸನದ ಕಲ್ಲಿಗಿಂತ ಒಳ್ಳೆಯ ಜಾಗವಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟ 1894ರಲ್ಲಿ ಪ್ರಕಟವಾಯಿತು. ಈ ಎರಡೂ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ದಾನಶಾಸನದ ಕಟ್ಟು ಬಹುಮಟ್ಟಿಗೆ ಗೊತ್ತಾದದ್ದೇ: ದೊರೆಯ ಹೆಸರು, ಕಾಲ, ದಾನ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ಕೊನೆಗೆ ಶಾಪಾಶಯ, ಎಂದರೆ ದಾನವನ್ನು ಕೆಡಿಸುವವನಿಗೆ ಹಾಕಿದ ಶಾಪ. ಓದುಗರು ಸಾಮಾನ್ಯವಾಗಿ ಹಾರಿಸಿಬಿಡುವ ಆ ಕೊನೆಯ ಸಾಲುಗಳೇ ಕೆಡುಕಿನ ನಿಜವಾದ ಪದಕೋಶ.

ಅಲ್ಲಿ ತಪ್ಪು ಮಾಡುವವನಿಗೆ ಕೆಟ್ಟವನು, ದುಷ್ಟ ಎಂಬ ಗುಣವಾಚಕಗಳು ಸಾಮಾನ್ಯವಾಗಿ ಇರುವುದಿಲ್ಲ. ಅವನು ‘ಅಳಿದವನು’, ‘ಕಿಡಿಸಿದವನು’, ‘ತಪ್ಪಿದವನು’ ಅಥವಾ ‘ಅಳುಪಿದವನು’. ಅಳಿದವನೆಂದರೆ ಇದ್ದುದನ್ನು ನಾಶಮಾಡಿದವನು. ಅಳುಪಿದವನೆಂದರೆ ತನ್ನದಲ್ಲದ್ದಕ್ಕೆ ಆಸೆಪಟ್ಟವನು. ಕೈ ಚಾಚುವ ಮೊದಲೇ ಮನಸ್ಸು ಚಾಚಿದ್ದನ್ನು ಹಿಡಿಯುವ ಈ ಮಾತು ಇಂದಿನ ಕಾನೂನಿನ ‘ದುರುದ್ದೇಶ’ಕ್ಕಿಂತ ಚುರುಕಾಗಿದೆ. ಇದು ಬಳಕೆ ತಪ್ಪಿಹೋದದ್ದು ಕನ್ನಡಕ್ಕೆ ಆದ ನಷ್ಟ.

ಆ ಕೆಲಸದ ತೂಕವನ್ನು ಹೇಳುವಾಗ ಶಾಸನಗಳು ಅಳತೆಗೋಲುಗಳನ್ನು ಬಳಸುತ್ತವೆ. ದಾನವನ್ನು ಅಳಿದವನು ಪಂಚಮಹಾಪಾತಕ ಮಾಡಿದವನಿಗೆ ಸಮ. ಬ್ರಹ್ಮಹತ್ಯೆ, ಸುರಾಪಾನ, ಚಿನ್ನದ ಕಳವು, ಗುರುಪತ್ನೀಗಮನ, ಇವನ್ನು ಮಾಡಿದವರ ಒಡನಾಟ ಇವೇ ಆ ಐದು. ಕೊಲೆಯ ಸಾಲಿನಲ್ಲೇ ಕೆಟ್ಟವರ ಸಹವಾಸಕ್ಕೂ ಜಾಗ ಸಿಕ್ಕಿರುವುದು ಇಲ್ಲಿ ಮುಖ್ಯ. ಇಂಗ್ಲಿಷ್ ಅನುವಾದದಲ್ಲಿ ಇದು ಐದು ಮಹಾ ‘ಸಿನ್’ಗಳಾಗುತ್ತದೆ. ಆದರೆ ಸಿನ್ ಎಂಬುದು ದೇವರ ಎದುರಿನ ಲೆಕ್ಕ. ಪಾತಕವಾದರೋ ಜಾತಿ, ಕುಲ, ಗುರುಮನೆಗಳಿಂದ ಮನುಷ್ಯನನ್ನು ಇಲ್ಲಿಯೇ ಕೆಳಗೆ ಬೀಳಿಸುವಂಥದು. ಆ ಸಾಮಾಜಿಕ ಪೆಟ್ಟು ಅನುವಾದದಲ್ಲಿ ಕಾಣುವುದಿಲ್ಲ.

ಇನ್ನೊಂದು ಅಳತೆ ವಾರಣಾಸಿಯಲ್ಲಿ ಅಥವಾ ಗಂಗೆಯ ತಡಿಯಲ್ಲಿ ಕವಿಲೆಯನ್ನು, ಎಂದರೆ ಕಪಿಲವರ್ಣದ ಹಸುವನ್ನು, ಕೊಂದ ಪಾಪ. ವಿಜಯನಗರದ ಕಾಲಕ್ಕೆ ಬರುವಾಗ ಅಲ್ಲಿ ತಂದೆತಾಯಿಯನ್ನು ಕೊಂದ ಪಾಪವೂ ಸೇರಿಕೊಳ್ಳುತ್ತದೆ. ಅಂಥವರು ‘ಪಾಪಕ್ಕೆ ಹೋಹರು’ ಎಂಬುದು ರೂಢಿಯ ಮಾತು. ಪಾಪ ಮಾಡುವುದಷ್ಟೇ ಅಲ್ಲ, ಪಾಪಕ್ಕೆ ಹೋಗುವುದೂ ಉಂಟು. ಅದೊಂದು ಊರಿನ ಹಾಗೆ, ಅಲ್ಲಿಗೆ ದಾರಿಯಿದೆ. ತನ್ನವರು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದತ್ತಿಯ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಅರ್ಥದ ಸಂಸ್ಕೃತ ಶ್ಲೋಕವೂ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಇವನ್ನು ಬರಿಯ ಬೈಗುಳವೆಂದು ತಳ್ಳಿಹಾಕಬಾರದು. 1258ರಲ್ಲಿ ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿ ಅಗ್ರಹಾರ ಮಾಡಿದ. ಅಂಥ ದತ್ತಿ ಸೂರ್ಯಚಂದ್ರರಿರುವ ತನಕ ನಡೆಯಬೇಕೆಂಬುದು ದಾನಿಗಳ ಆಸೆ. ಕೊಟ್ಟ ದೊರೆ ಸತ್ತ ಮೇಲೆ ಅವನ ಆಜ್ಞೆ ಯಾರನ್ನೂ ಕಟ್ಟಿಹಾಕಲಾರದು. ಮುಂದೆ ಬರುವ ದೊರೆಯನ್ನು ಶಿಕ್ಷಿಸುವ ನ್ಯಾಯಾಲಯವೂ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಶಾಪಾಶಯ. ದಸ್ತಾವೇಜಿಗೆ ದಂಡದ ಷರತ್ತು ಇದ್ದ ಹಾಗೆ ಕಲ್ಲಿಗೆ ಪಾಪದ ಷರತ್ತು.

ಹನ್ನೊಂದನೆಯ ಶತಮಾನದ ಆರಂಭದಲ್ಲಿ ತಲಕಾಡು ಚೋಳರ ಕೈಸೇರಿ ರಾಜರಾಜಪುರವಾಯಿತು. ಸುಮಾರು 1116ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಅದನ್ನು ಗೆದ್ದು ‘ತಲಕಾಡುಗೊಂಡ’ನಾದ. ನಡುವಿನ ನೂರು ವರ್ಷಗಳಲ್ಲಿ ಈ ಸೀಮೆಯಲ್ಲಿ ತಮಿಳು ಶಾಸನಗಳೂ ಹುಟ್ಟಿದವು. ಗಂಗೆಯಿಂದ ಕುಮರಿಯವರೆಗಿನ ಜನ ಮಾಡಿದ ಪಾಪವನ್ನೆಲ್ಲ ಹೊರುವನು ಎಂಬುದು ತಮಿಳು ಶಾಸನಗಳ ಪ್ರಸಿದ್ಧ ಶಾಪ. ಕನ್ನಡದ ಕಲ್ಲು ಒಂದು ಘೋರ ಕೃತ್ಯವನ್ನು ಹೆಸರಿಸುತ್ತದೆ, ತಮಿಳಿನದು ಇಡೀ ನಾಡಿನ ಪಾಪದ ಮೊತ್ತವನ್ನು ಒಬ್ಬನ ತಲೆಗೆ ಕಟ್ಟುತ್ತದೆ. ಗಂಗೆಯ ದಡದಲ್ಲಿ ಹಸು ಕೊಂದ ಪಾಪ ಮಾತ್ರ ಎರಡು ಭಾಷೆಗೂ ಸಮಾನ.

ಶಾಸನಗಳಲ್ಲಿ ‘ಅನ್ಯಾಯ’ ಎಂಬ ಮಾತಿಗೆ ಅಚ್ಚರಿಯ ಬಳಕೆಯೊಂದಿದೆ. ಹೊಯ್ಸಳರ ಕಾಲದ ತೆರಿಗೆಗಳ ಪಟ್ಟಿಯಲ್ಲಿ ಅದೊಂದು ಬಾಬ್ತು. ಅನ್ಯಾಯ ಮಾಡಿದವರಿಂದ ಬರುವ ದಂಡದ ಹಣ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಕೃತ್ಯದ ಹೆಸರೇ ಆದಾಯದ ಹೆಸರಾಗಿದೆ. ಶಾಪಾಶಯದಲ್ಲಿ ಜನ್ಮಜನ್ಮಾಂತರಕ್ಕೆ ಅಂಟುವ ಪಾತಕ, ಸುಂಕದ ಲೆಕ್ಕದಲ್ಲಿ ಹಣ ಕೊಟ್ಟು ತೀರಿಸುವ ತಪ್ಪು, ಎರಡೂ ಒಂದೇ ಕಾಲದವು.

ಜನರ ಬಾಯಲ್ಲಿ ಇಂದಿಗೂ ಉಳಿದಿರುವ ಶಾಪ ಶ್ರೀರಂಗಪಟ್ಟಣದ ವಿಜಯನಗರ ಪ್ರತಿನಿಧಿಯ ಪತ್ನಿ ಅಲಮೇಲಮ್ಮನದು. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ವಶವಾದ ಮೇಲೆ, ಅವರ ಕಡೆಯವರು ಒಡವೆ ಕೇಳಿದಾಗ ಆಕೆ ಶಪಿಸಿ ಒಡವೆಗಳೊಂದಿಗೆ ಮಾಲಂಗಿಯ ಮಡುವಿಗೆ ಹಾರಿದಳೆಂಬುದು ಐತಿಹ್ಯ. ಆ ಕಥೆಯಲ್ಲಿ ಒಡವೆ ಕೇಳಿದವರ ನಡೆಗೆ ಕಳವು ಎಂದಾಗಲಿ ಸುಲಿಗೆ ಎಂದಾಗಲಿ ಹೆಸರಿಲ್ಲ. ತಪ್ಪು ಆಗಿದೆಯೆಂಬುದಕ್ಕೆ ಶಾಪವೇ ಸಾಕ್ಷಿ.

ಆಡುನುಡಿಗೆ ಬಂದರೆ ‘ಪಾಪ’ ಎಂಬ ಪದ ಮಾಡಿರುವ ಪ್ರಯಾಣ ದೊಡ್ಡದು. ನಂಜನಗೂಡಿನ ರಥಬೀದಿಯಲ್ಲಿ ಎಡವಿ ಬಿದ್ದ ಮಗುವನ್ನು ಕಂಡು ಮುದುಕಿಯೊಬ್ಬಳು ‘ಅಯ್ಯೋ ಪಾಪ’ ಎಂದರೆ ಅಲ್ಲಿ ಯಾರ ಪಾಪದ ಮಾತೂ ಇಲ್ಲ, ಇರುವುದು ಬರಿಯ ಕರುಣೆ. ‘ಸಿನ್’ಗೆ ಈ ಗತಿ ಒದಗಲಿಲ್ಲ. ‘ಅನ್ಯಾಯವಾಗಿ ಹೋದ’ ಎಂದರೂ ಹಾಗೆಯೇ. ಅಕಾಲದಲ್ಲಿ ಸತ್ತ ಎಂದರ್ಥ, ಕೊಂದವರು ಯಾರೂ ಇರಬೇಕಾಗಿಲ್ಲ. ಬೈಗುಳಗಳಾದರೋ ಹಾಳಾದದ್ದು ಏನು ಎಂದು ನೇರವಾಗಿ ತೋರಿಸುತ್ತವೆ: ಮನೆಹಾಳ, ಮನೆಮುರುಕ. ನಂಬಿಸಿ ಮೋಸ ಮಾಡಿದವನನ್ನು ‘ಉಂಡ ಮನೆಯ ಜಂತೆ ಎಣಿಸುವವನು’ ಎನ್ನುತ್ತಾರೆ. ನಂಜನ್ನು ಉಂಡ ಶಿವನ ಹೆಸರಿನ ನಂಜನಗೂಡಿಗೆ ಬಂದು ಕಪಿಲಾ ನದಿಯಲ್ಲಿ ಮಿಂದವರು, ಹರಕೆ ಮರೆತಿದ್ದರೆ ದೇವರಿಗೆ ತಪ್ಪುಕಾಣಿಕೆ ಒಪ್ಪಿಸುತ್ತಾರೆ. ತಪ್ಪು ಒಪ್ಪಿಕೊಳ್ಳುವುದೂ ಅದನ್ನು ತೀರಿಸುವುದೂ ಅಲ್ಲಿ ಒಂದೇ ಕ್ರಿಯೆ. ತಿರುಮಕೂಡಲಿನಲ್ಲಿ 1989ರಿಂದ ನಡೆಯುತ್ತಿರುವ ಕುಂಭಮೇಳದ ಸ್ನಾನದ ಹಿಂದೆಯೂ ಪಾಪವೆಂದರೆ ತೊಳೆದುಹೋಗುವಂಥದು ಎಂಬ ನಂಬಿಕೆಯಿದೆ.

ಆಡಳಿತದ ಮೂಲಕ ಪಾರಸಿ, ಅರಬ್ಬಿ ಮಾತುಗಳು ಬಂದವು: ಗುನ್ನೆ, ಖೂನಿ, ದಗಾ, ಫಿತೂರಿ, ಜುಲುಮೆ, ಮೊಕದ್ದಮೆ, ಮಹಜರು. ಇವು ಠಾಣೆ, ಕಚೇರಿಗಳ ಮಾತುಗಳಾಗಿ ನಿಂತವು. ಖೂನಿಗೆ ಮೂಲದಲ್ಲಿ ರಕ್ತದ ಅರ್ಥವಿರುವುದು ಕನ್ನಡಿಗರಿಗೆ ಮರೆತೇಹೋಗಿದೆ.

ಮೆಕಾಲೆಯ ಆಯೋಗ ಕರಡು ಬರೆದ ಭಾರತೀಯ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅದು ತಪ್ಪುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಒಂದೊಂದಕ್ಕೂ ಎಲ್ಲೆ ಹಾಕಿತು. ಕನ್ನಡಕ್ಕೆ ತೊಡಕಾದದ್ದು ಇಲ್ಲಿ. ‘ಎಕ್ಸ್‌ಟಾರ್ಷನ್’ ಎಂದರೆ ಬೆದರಿಸಿ ಕೊಡುವಂತೆ ಮಾಡುವುದು, ‘ರಾಬರಿ’ ಎಂದರೆ ಕಳವಿಗೋ ಬೆದರಿಕೆಯ ವಸೂಲಿಗೋ ಅಲ್ಲೇ ಹಿಂಸೆ ಅಥವಾ ಅದರ ಭಯ ಕೂಡುವುದು, ‘ಡಕಾಯಿಟಿ’ ಎಂದರೆ ಐದು ಅಥವಾ ಹೆಚ್ಚು ಜನ ಸೇರಿ ಅದನ್ನೇ ಮಾಡುವುದು. ಕನ್ನಡದಲ್ಲಿ ಸುಲಿಗೆ, ದರೋಡೆ, ಡಕಾಯಿತಿ ಎಂಬ ಮೂರು ಮಾತುಗಳಿದ್ದರೂ ಪತ್ರಿಕೆಗಳು ಅವನ್ನು ಅದಲುಬದಲು ಮಾಡುತ್ತವೆ. ಜನರ ಮಟ್ಟಿಗೆ ಸುಲಿಗೆಯೆಂದರೆ ಹೆಚ್ಚು ಬಡ್ಡಿ ವಸೂಲು ಮಾಡುವುದೂ ಹೌದು. ‘ಮಿಸ್‌ಚೀಫ್’ ದಿನಬಳಕೆಯಲ್ಲಿ ಮಕ್ಕಳ ತುಂಟತನ. ಕಾನೂನಿನಲ್ಲಿ ಅದು ಬೇಕೆಂದೇ ಇನ್ನೊಬ್ಬರ ಆಸ್ತಿಗೆ ಹಾನಿ ಮಾಡುವುದು. ಇದಕ್ಕೆ ‘ಕೇಡು’ ಎಂಬ ಹಳೆಯ ಮಾತೇ ಹೆಚ್ಚು ಒಪ್ಪುತ್ತದೆ. ‘ಬ್ರೀಚ್ ಆಫ್ ಟ್ರಸ್ಟ್’ಗೆ ಸಿಕ್ಕ ‘ನಂಬಿಕೆ ದ್ರೋಹ’ ಮಾತ್ರ ಮೂಲಕ್ಕಿಂತ ಬಲವಾಗಿದೆ. ಸ್ವಾಮಿದ್ರೋಹ, ಗುರುದ್ರೋಹಗಳ ಸಾಲಿನ ಭಾರವನ್ನೆಲ್ಲ ‘ದ್ರೋಹ’ ಅಲ್ಲಿಗೆ ಹೊತ್ತುತಂದಿದೆ. ಆರೋಪಿ ಮತ್ತು ಅಪರಾಧಿ ಎಂಬ ಭೇದ ಈ ಕಾನೂನಿನಿಂದಲೇ ಗಟ್ಟಿಯಾಯಿತು. ತೀರ್ಪಿಗೆ ಮೊದಲೇ ಅಪರಾಧಿ ಎಂದು ಬರೆಯುವುದು ಭಾಷೆಯ ತಪ್ಪಷ್ಟೇ ಅಲ್ಲ, ಒಬ್ಬ ಮನುಷ್ಯನಿಗೆ ಮಾಡುವ ಅನ್ಯಾಯ.

ನಿಘಂಟುಗಳ ಪೈಕಿ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದೂ 1894ರಲ್ಲಿ, ಮಂಗಳೂರಿನಲ್ಲಿ. ಬಾಲ್ಯದ ಓದಿನ ಒಂದಷ್ಟು ಕಾಲವನ್ನು ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರಿನಲ್ಲಿ ಕಳೆದ ಜಿ. ವೆಂಕಟಸುಬ್ಬಯ್ಯ (1913–2021) ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದರು, ಇಂಗ್ಲಿಷ್-ಕನ್ನಡ ನಿಘಂಟನ್ನೂ ರಚಿಸಿದರು. ಪರಿಷತ್ತಿನ ನಿಘಂಟು ಪದದ ಅರ್ಥದೊಂದಿಗೆ ಅದು ಬಂದ ಶಾಸನ, ಕಾವ್ಯಗಳ ಪ್ರಯೋಗವನ್ನೂ ಕೊಡುತ್ತದೆ. ಕೆಡುಕಿನ ಪದಗಳಿಗೆ ಈ ಕ್ರಮವೇ ಸರಿ. ಪ್ರಯೋಗ ಕಾಣದೆ ಪಾತಕ, ಪಾಪ, ದ್ರೋಹ, ತಪ್ಪುಗಳ ತೂಕ ತಿಳಿಯುವುದಿಲ್ಲ.

2024ರ ಜುಲೈ 1ರಂದು 511 ಕಲಮುಗಳ ಹಳೆಯ ಸಂಹಿತೆಯ ಜಾಗಕ್ಕೆ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕೂ ಮೊದಲು ನಡೆದ ಕೃತ್ಯಗಳಿಗೆ ಹಳೆಯದೇ ಅನ್ವಯಿಸುತ್ತದೆ. ಹೀಗಾಗಿ ನಂಜನಗೂಡು, ನರಸೀಪುರದ ನ್ಯಾಯಾಲಯಗಳಲ್ಲಿ ಒಂದೇ ವಂಚನೆಗೆ ಒಂದು ಕಡತದಲ್ಲಿ 420 ಎಂದೂ ಇನ್ನೊಂದರಲ್ಲಿ 318 ಎಂದೂ ಬರೆಯಲಾಗುತ್ತಿದೆ.