ಬಾನಿನ ಆಟ, ನೆಲದ ಹೊಣೆ



ಸುಗ್ಗಿ ಮುಗಿದ ಹೊಲ ಬಯಲಾಗಿ ಕಂಡರೂ ಬರಿದಾಗಿರುವುದಿಲ್ಲ. ಅಲ್ಲಿ ದನಗಳು ಮೇಯುತ್ತಿರುತ್ತವೆ, ಹಕ್ಕಿ ನೆಲದಲ್ಲೇ ಮೊಟ್ಟೆಯಿಟ್ಟಿರುತ್ತದೆ, ಕಾಲುದಾರಿಯಲ್ಲಿ ಮಕ್ಕಳು ಓಡಾಡುತ್ತಾರೆ. ರೇಡಿಯೊ ನಿಯಂತ್ರಿತ ದೊಡ್ಡ ಮಾದರಿ ವಿಮಾನ ಹಾರಿಸುವವರು ಮೊದಲು ನೋಡಬೇಕಾದದ್ದು ಈ ನೆಲವನ್ನು. 20 ಕಿಲೋ ತೂಕದ ಮಾದರಿಯೊಂದು ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಪ್ಪಳಿಸಿದರೆ ಆ ಪೆಟ್ಟು, 80 ಕಿಲೋ ಮೂಟೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ.

ಕೇಂದ್ರ ಸರ್ಕಾರದ 2021ರ ಡ್ರೋನ್ ನಿಯಮಗಳ ಪ್ರಕಾರ, ಕಲಿಕೆ, ಸಂಶೋಧನೆ ಅಥವಾ ಮನರಂಜನೆಗಾಗಿ ಕಣ್ಣಳತೆಯೊಳಗೆ ಹಾರಿಸುವ, ಒಟ್ಟು ತೂಕ 25 ಕಿಲೋ ಮೀರದ ವಿಮಾನ ‘ಮಾದರಿ’ ಎನಿಸುತ್ತದೆ. ಇದಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ನಿರ್ಬಂಧವಿಲ್ಲದ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಪೂರ್ವಾನುಮತಿಯೂ ಬೇಕಿಲ್ಲ. ಎಂದರೆ, ಅದರ ರೆಕ್ಕೆ, ಬ್ಯಾಟರಿ, ರಿಸೀವರುಗಳನ್ನು ಸರ್ಕಾರದ ಪರವಾಗಿ ಯಾರೂ ಪರೀಕ್ಷಿಸಿರುವುದಿಲ್ಲ. ಆ ಹೊಣೆ ಹಾರಿಸುವವರ ಮೇಲೆಯೇ ಬೀಳುತ್ತದೆ.

ಆದಕಾರಣ ಹೊಲದ ಒಡೆಯರ ಒಪ್ಪಿಗೆ ಮೊದಲು ದೊರೆಯಬೇಕು. ಮೂರನೆಯವರಿಗಾಗುವ ಹಾನಿಗೆ ವಿಮೆ ಇರಬೇಕು. ಸಂಕೇತ ಎಷ್ಟು ದೂರ ತಲುಪುತ್ತದೆಂದು ನೆಲದ ಮೇಲೆಯೇ ಪರೀಕ್ಷಿಸಬೇಕು. ಅದು ಕಡಿದರೆ ಎಂಜಿನ್ ತಾನಾಗಿ ನಿಲ್ಲುವಂತಿರಬೇಕು. ನೋಡಬಂದವರು ಹಾರಿಸುವವರ ಹಿಂದೆ ನಿಲ್ಲಬೇಕು. ದನಗಾಹಿಯೊಬ್ಬ ಬಯಲಿಗೆ ಕಾಲಿಟ್ಟೊಡನೆ ವಿಮಾನ ಇಳಿಯಬೇಕು. ಆಟ ನಾಳೆಗೆ ಕಾದೀತು. ಹಸಿದ ದನ ಕಾಯದು.